ಕೈ ಕಾಣಲಿಲ್ಲ ಎಂಬ ಕಾರಣಕ್ಕೆ

ಹಳೆಯ ಮೊಬೈಲ್ ಕೊಳ್ಳುವವರು ಮೊದಲು ಪರದೆ ನೋಡುತ್ತಾರೆ. ಅದು ತಪ್ಪು. ಮೊದಲು ಚಾರ್ಜಿಂಗ್ ತೂತು ನೋಡಬೇಕು. ಒಳಗೆ ಹಸಿರು ಕಿಲುಬು ಕಂಡರೆ ಆ ಫೋನು ಒಮ್ಮೆಯಾದರೂ ನೀರು ಕುಡಿದಿದೆ. ಮಾರುವವನು ಮಕ್ಕಳ ಮೇಲೆ ಆಣೆ ಮಾಡಿದರೂ ನಂಬಬೇಡಿ. ಆಮೇಲೆ ಅವನ ಹೆಬ್ಬೆರಳು ನೋಡಿ. ಫೋನಿನ ಯಾವ ಮೂಲೆಯನ್ನು ಬಿಟ್ಟು ಅದು ಕದಲುವುದಿಲ್ಲವೋ ಆ ಮೂಲೆಯಲ್ಲಿ ಏನೋ ಇದೆ ಎಂದು ತಿಳಿಯಿರಿ. ಬೈಲಹೊಂಗಲದ ಬಜಾರಿನಲ್ಲಿ ಹದಿನಾಲ್ಕು ವರ್ಷ ಹಳೆಯ ಫೋನು ಕೊಂಡು ಮಾರಿದವನು ನಾನು. ಪಿಯುಸಿ ಮುಗಿಸಲಿಲ್ಲ. ನನಗೆ ಬರುವ ಇಂಗ್ಲಿಷೆಲ್ಲ ಫೋನಿನ ಸೆಟ್ಟಿಂಗ್ಸ್ ಪುಟಗಳಲ್ಲಿ ಇದ್ದದ್ದು. ಆದರೆ ಒಂದು ಫೋನು ಕೈಗೆ ಬಂದ ಎರಡು ನಿಮಿಷದಲ್ಲಿ ಅದರ ಜಾತಕ ಹೇಳುತ್ತಿದ್ದೆ.

ಹುಬ್ಬಳ್ಳಿಯ ಒಂದು ಕಂಪನಿಗೆ ಬೇಕಾದದ್ದು ಆ ಕಣ್ಣು. ಅವರು ಬಾಡಿಗೆಗೆ ಟ್ರ್ಯಾಕ್ಟರ್ ಕರೆಯುವ ಆ್ಯಪ್ ಮಾಡಿದ್ದರು. ಅವರ ಆಫೀಸಿನ ಹೊಸ ಫೋನುಗಳಲ್ಲಿ, ಗಟ್ಟಿ ವೈಫೈಯಲ್ಲಿ ಅದು ಚೆನ್ನಾಗಿ ಓಡುತ್ತಿತ್ತು. ಹೊಲದ ಬದುವಿನ ಮೇಲೆ ನಿಂತ ರೈತನ ಹಳೆಯ ಫೋನಿನಲ್ಲಿ ಏಳುತ್ತಲೇ ಇರಲಿಲ್ಲ. ಆ ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಅನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಅವರು ಹಳೆಯ ಫೋನು ಹುಡುಕಿಕೊಂಡು ನನ್ನ ಅಂಗಡಿಗೆ ಬಂದವರು ಡ್ರಾಯರಿನಲ್ಲಿದ್ದ ಹತ್ತೊಂಬತ್ತು ಫೋನುಗಳನ್ನು ಒಂದೊಂದಾಗಿ ಕೈಗೆತ್ತಿ ನೋಡಿದರು.

"ಅಣ್ಣಾರ, ಇವನ್ನ ಮಾರಬ್ಯಾಡ್ರಿ. ಇವುಗಳ ಮ್ಯಾಲೆ ನಮ್ಮ ಆ್ಯಪ್ ಹಾಕಿ, ಎಲ್ಲೆಲ್ಲಿ ಕೆಡತೈತಿ ನೋಡಿ ಹೇಳ್ರಿ" ಅಂದರು.

"ಕೆಡಿಸಿದ್ದಕ್ಕ ಪಗಾರ ಕೊಡ್ತೀರೇನ್ರಿ?" ಅಂದೆ.

"ಎಷ್ಟ್ ಕೆಡಿಸ್ತೀರಿ ಅಷ್ಟ್ ಚಲೋ."

ಹೀಗೆ ನಾನು ಟೆಸ್ಟರ್ ಆದೆ. ಆ್ಯಪ್ ಎಲ್ಲಿ ಸೋಲುತ್ತದೆ ಎಂದು ನೋಡುವುದಕ್ಕೆ ನಾಲ್ಕು ಊರು ಹಿಡಿದೆ. ಬೈಲಹೊಂಗಲದ ನಮ್ಮ ಮನೆ ಒಂದು. ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕದಲ್ಲಿ ಸಿಗ್ನಲ್ ತುಂಬಿರುತ್ತದೆ, ಊರೊಳಗೆ ನಾಲ್ಕು ತಿರುವು ಹೋಗುವಷ್ಟರಲ್ಲಿ ಇಳಿಯುತ್ತದೆ. ಸವದತ್ತಿಯ ಗುಡ್ಡದ ಮೇಲೆ ಹುಣ್ಣಿಮೆಯ ದಿನ ಹೋದರೆ ಜನರ ಗದ್ದಲಕ್ಕೆ ನೆಟ್‌ವರ್ಕ್ ಉಸಿರು ಕಟ್ಟುತ್ತದೆ. ಟವರ್ ಇರುತ್ತದೆ, ಕಡ್ಡಿಗಳೂ ಕಾಣುತ್ತವೆ, ಒಂದಕ್ಷರ ಆಚೆ ಹೋಗುವುದಿಲ್ಲ. ಆ್ಯಪ್ ಪರೀಕ್ಷಿಸುವವರಿಗೆ ಅಂಥ ದಿನ ಹಬ್ಬ. ರಾಮದುರ್ಗದ ಹೊಳೆಯ ಸೇತುವೆಯ ನಡುವೆ ನಿಂತರೆ ಫೋನು ಆ ದಂಡೆಯ ಟವರ್ ಹಿಡಿಯಲೋ ಈ ದಂಡೆಯದೋ ಎಂದು ಒದ್ದಾಡುತ್ತದೆ. ಆಫೀಸಿನಲ್ಲಿ ಕೂತವರು ಇಂಥ ಜಾಗ ಕಟ್ಟಲಾರರು. ಮೂರು ವರ್ಷ ಈ ಕೆಲಸ ಮಾಡಿದೆ. ಎರಡನೆಯ ವರ್ಷ ಬಜಾರಿನ ಅಂಗಡಿ ಬಿಟ್ಟುಕೊಟ್ಟೆ. ಈಗ ಅಲ್ಲಿ ಕಬ್ಬಿನ ಹಾಲಿನ ಗಾಣ ತಿರುಗುತ್ತದೆ. ಹೊಸ ದಾರಿ ಗಟ್ಟಿಯಾಗುವ ಮೊದಲು ಹಳೆಯ ಅಂಗಡಿ ಬಿಡಬೇಡಿ ಎಂದು ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದೇನೆ. ನನಗೆ ನಾನು ಹೇಳಿಕೊಳ್ಳಲಿಲ್ಲ.

ಶ್ರಾವಣದಲ್ಲಿ ಮೇಡಂ ಫೋನು ಮಾಡಿದರು. ಯಾವಾಗಲೂ ನೇರ ಕೆಲಸದ ಮಾತಿಗೆ ಬರುವವರು ಅಂದು ಮನೆಯವರ ಆರೋಗ್ಯ ಕೇಳಿದರು. ಆಗಲೇ ನನಗೆ ಅನುಮಾನ ಬಂತು.

"ಅಣ್ಣಾರ, ಹೊಸಾ ಗಿರಾಕಿ ಒಂದು ಷರತ್ತು ಹಾಕ್ಯಾರ. ರಿಪೋರ್ಟ್ ಬರಿಯೂ ಟೆಸ್ಟರ್ ಎಲ್ಲಾರ ಕಡೆನೂ ಮೊಬೈಲ್ ಆ್ಯಪ್ ಟೆಸ್ಟಿಂಗ್ ಸರ್ಟಿಫಿಕೇಟ್ ಇರಬೇಕಂತ. ದೀಪಾವಳಿ ಪಾಡ್ಯಕ್ಕ ಪಟ್ಟಿ ಕೊಡಬೇಕು."

"ಮೂರು ವರ್ಷದ ನನ್ನ ರಿಪೋರ್ಟ್ ತೋರಿಸ್ರಿ ಅವರಿಗೆ."

"ತೋರ್ಸೇನ್ರಿ. ಚಲೋ ಅದಾವ ಅಂದ್ರು. ಸರ್ಟಿಫಿಕೇಟ್ ಎಲ್ಲಿ ಅಂದ್ರು."

"ಪಾಡ್ಯಕ್ಕ ಆಗಲಿಲ್ಲಂದ್ರ?"

"ಪಟ್ಟಿಯೊಳಗ ನಿಮ್ಮ ಹೆಸರು ಇರಾಂಗಿಲ್ರಿ" ಅಂದರು. ಮೆತ್ತಗೆ ಹೇಳಿದರು, ಆದರೆ ಅದನ್ನೇ ಹೇಳಿದರು.

ನಲವತ್ತು ಪ್ರಶ್ನೆ, ಒಂದು ತಾಸು, ಎಲ್ಲ ಇಂಗ್ಲಿಷಿನಲ್ಲಿ. ಇಪ್ಪತ್ತಾರು ಸರಿಯಾದರೆ ಪಾಸು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆಯಬಹುದು, ಎಲ್ಲೋ ದೂರದಲ್ಲಿರುವ ಕಾವಲಿನವರು ಕ್ಯಾಮೆರಾದಿಂದ ನೋಡುತ್ತಾರೆ. ನಿಯಮದ ಪುಟಗಳನ್ನು ಪೂರ್ತಿ ಓದಿ ಎಂದು ನಿಮಗೂ ಹೇಳುತ್ತೇನೆ: ಇಂಗ್ಲಿಷ್ ತಾಯಿನುಡಿಯಲ್ಲದವರು ಕೇಳಿಕೊಂಡರೆ ಕಾಲು ತಾಸು ಹೆಚ್ಚು ಕೊಡುತ್ತಾರೆ ಎಂದು ಒಂಬತ್ತನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಕೇಳಿದೆ, ಸಿಕ್ಕಿತು.

ನನಗೆ ಕಲಿಸಿದವಳು ಹೆಂಡತಿ. ಅವಳು ಬಿ.ಎ. ಮಾಡಿದವಳು, ಮನೆಯಲ್ಲಿ ಜಂಪರ್ ಹೊಲಿಯುತ್ತಾಳೆ. ಹೊಲಿಗೆ ಯಂತ್ರದ ಮೇಲೆ ಸಿಲೆಬಸ್ ಹರವಿಕೊಂಡು ಒಂದೊಂದು ಶಬ್ದ ಬಿಡಿಸಿ ಹೇಳುತ್ತಿದ್ದಳು. ದೋಷದ ಸಿವಿಯಾರಿಟಿ ಬೇರೆ, ಪ್ರಯಾರಿಟಿ ಬೇರೆ ಎಂಬಲ್ಲಿ ನಾನು ನಾಲ್ಕು ದಿನ ಸಿಕ್ಕಿಕೊಂಡಿದ್ದೆ.

"ನೋಡ್ರಿ, ನಿಮ್ಮ ಅವ್ವಗ ಜ್ವರ ಬಂದು ಹಾಸಿಗಿ ಹಿಡದಾರಂತ ತಿಳಕೋರಿ. ಅದು ಸಿವಿಯಾರಿಟಿ. ಅದ ಹೊತ್ತಿಗೆ ಬಾಗಲದಾಗ ಬೀಗರು ಬಂದು ನಿಂತಾರ. ಅದು ಪ್ರಯಾರಿಟಿ."

"ಹಂಗಾರ ಅವ್ವನ್ನ ಬಿಟ್ಟು ಬೀಗರಿಗೆ ಚಾ ಮಾಡಬೇಕೇನು?"

"ಇಪ್ಪತ್ತು ವರ್ಷದಿಂದ ಅದನ್ನ ಮಾಡೀವಲ್ರಿ ನಿಮ್ಮ ಮನ್ಯಾಗ" ಅಂದಳು, ದಾರ ಕಚ್ಚಿ ಹರಿಯುತ್ತ. ಬಾಗಿಲ ಬಳಿ ಕೂತಿದ್ದ ಅವ್ವ, ನನಗೇನೂ ಜ್ವರ ಬಂದಿಲ್ಲವಲ್ಲ ಎಂದು ಗೊಣಗಿದಳು.

ಮನೆಯ ಪಕ್ಕದಲ್ಲಿ ಹಿಟ್ಟಿನ ಗಿರಣಿ. ಸದ್ದು ಕೇಳಿದರೆ ಪರೀಕ್ಷೆ ನಿಲ್ಲಿಸುತ್ತಾರೆ ಎಂದು ಮೊದಲ ಸಲ ಕಿತ್ತೂರಿನ ಹೆದ್ದಾರಿಯ ಲಾಡ್ಜಿನಲ್ಲಿ ಕೋಣೆ ಹಿಡಿದು ಬರೆದೆ. ಇಪ್ಪತ್ತೆರಡು ಬಂತು. ಯಾವುದರಲ್ಲಿ ಸೋತೆ ಎಂದು ಆಮೇಲೆ ಯೋಚಿಸಿದರೆ, ಗೊತ್ತಿಲ್ಲದ್ದರಲ್ಲಿ ಸೋತಿರಲಿಲ್ಲ. ದೊಡ್ಡ ದೋಷ ಕಂಡರೆ ಮೊದಲು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ, ಆ್ಯಪ್ ಮಾಡಿದವನಿಗೆ ಫೋನು ಹಚ್ಚಿ ಹೇಳುತ್ತೇನೆ ಎಂಬ ಉತ್ತರ ಒತ್ತಿದ್ದೆ. ಮೂರು ವರ್ಷ ನಾನು ಮಾಡಿದ್ದೇ ಅದು. ಅವರಿಗೆ ಬೇಕಾದದ್ದು, ಹೆಜ್ಜೆಹೆಜ್ಜೆಯಾಗಿ ಬರೆದು ದಾಖಲಿಸುತ್ತೇನೆ ಎಂಬ ಉತ್ತರ. ಅನುಭವ ಇದ್ದವರಿಗೆ ನನ್ನದೊಂದು ಮಾತು: ಪರೀಕ್ಷೆಗೆ ಕೂತಾಗ ನಿಮ್ಮ ಅನುಭವವನ್ನು ಚಪ್ಪಲಿಯ ಜೊತೆ ಹೊರಗೆ ಬಿಡಿ.

ಆಮೇಲೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ನಲವತ್ತಾರರ ವಯಸ್ಸಿಗೆ ಮತ್ತೆ ಯಾರ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರಲಿ? ಹಳೆಯ ಫೋನಿನ ವ್ಯಾಪಾರವೂ ಮೊದಲಿನಂತಿಲ್ಲ. ಈಗ ಜನ ಮನೆಯಿಂದಲೇ ಫೋಟೋ ಹಾಕಿ ಮಾರುತ್ತಾರೆ. ಹೊರಗೆ ಮಾತ್ರ ಧೈರ್ಯವಾಗಿದ್ದೆ. ಚಹಾದ ಅಂಗಡಿಯಲ್ಲಿ ಯಾರಾದರೂ ಕೇಳಿದರೆ, "ಒಂದ್ ಪೇಪರ್ ಐತಿ, ಮುಗಿಸಿ ಬಿಡ್ತೇನಿ" ಅನ್ನುತ್ತಿದ್ದೆ.

ಎರಡನೆಯ ಪರೀಕ್ಷೆ ದಸರೆ ಮುಗಿದ ಮೇಲೆ. ರಾಮದುರ್ಗದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಒಬ್ಬ ಮುಸ್ಲಿಂ ಗೆಳೆಯನಿದ್ದಾನೆ, ನನ್ನ ಹಳೆಯ ಗಿರಾಕಿ. ಅಂದು ಕ್ಲಾಸಿಗೆ ರಜೆ ಕೊಟ್ಟು ಕೋಣೆ ಬಿಟ್ಟುಕೊಟ್ಟ.

"ಭಾಯ್, ಪಂಖಾ ಭಾಳ ಸಪ್ಪಳ ಮಾಡ್ತೈತಿ. ಬಂದ್ ಮಾಡ್ಲೇನು?"

"ಬಂದ್ ಮಾಡ್ರಿ. ಗಾಳಿಗಿಂತ ಪಾಸ್ ಆಗೂದು ದೊಡ್ಡದು."

"ಬೆವತು ನೀರಾಗ್ತೀರಿ ನೋಡ್ರಿ."

"ವಲ್ಲಿ ಐತಲ್ಲ" ಅಂದೆ. ಹೆಗಲ ಮೇಲಿನ ವಲ್ಲಿ ಇಲ್ಲದೆ ನಾನು ಊರು ಬಿಡುವವನಲ್ಲ. ಬೆವರು ಒರೆಸಲು, ತಲೆಗೆ ಸುತ್ತಲು, ಬಸ್ಸಿನಲ್ಲಿ ಸೀಟು ಹಿಡಿಯಲು ಎಲ್ಲಕ್ಕೂ ಅದೇ.

ಪರೀಕ್ಷೆಯ ಕಾವಲಿಗೆ ಕೂತವಳು ಒಬ್ಬ ಹೆಂಗಸು. ಅವಳ ದನಿ ಮಾತ್ರ ಕೇಳಿಸುತ್ತಿತ್ತು. ಕೋಣೆಯ ನಾಲ್ಕು ಗೋಡೆ ತೋರಿಸು ಅಂದಳು, ಮೇಜಿನ ಕೆಳಗೆ ತೋರಿಸು ಅಂದಳು, ಕಿವಿ ತೋರಿಸು ಅಂದಳು. ಹೆಗಲ ಮೇಲೇನು ಅಂದಳು. ವಲ್ಲಿ ತೆಗೆದು ಎರಡೂ ಮೈ ಝಾಡಿಸಿ ತೋರಿಸಿದೆ. ಸರಿ, ಹೆಗಲ ಮೇಲೆ ಬೇಡ ಅಂದಳು. ಮಡಿಲಲ್ಲಿ ಇಟ್ಟುಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಅಪ್ಪ ದನದ ಸಂತೆಯಲ್ಲಿ ದಲಾಲ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡರ ಮೇಲೂ ವಲ್ಲಿ ಹೊದಿಸಿ, ಅದರೊಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಲೆಕ್ಕ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು, ಬೆರಳ ಗೆಣ್ಣು ಒತ್ತಿದರೆ ಮತ್ತೊಂದು. ಸುತ್ತ ನಿಂತ ಹತ್ತು ಜನಕ್ಕೆ ಏನೂ ತಿಳಿಯುವುದಿಲ್ಲ. ಸಾಲೆಗಿಂತ ಮೊದಲು ನಾನು ಎಣಿಸುವುದನ್ನು ಕಲಿತದ್ದು ಅಪ್ಪನ ವಲ್ಲಿಯ ಕೆಳಗೆ. ನಾನು ಬಯಲಲ್ಲಿ ಬೆರಳು ಮಡಚಿದರೆ ಅಪ್ಪ ಬೈಯುತ್ತಿದ್ದ: "ಕೈ ಮುಚ್ಚಲೇ. ನಿನ್ನ ಲೆಕ್ಕ ಸಂತಿ ಮಂದಿಯೆಲ್ಲಾ ನೋಡಾಕತ್ತಾರ." ನಲವತ್ತು ವರ್ಷವಾಯಿತು. ಲೆಕ್ಕ ಕಠಿಣವಾದಾಗ ನನ್ನ ಕೈ ಬಟ್ಟೆ ಹುಡುಕುತ್ತದೆ. ಬಲಗೈ ಎಡಗೈಯ ಬೆರಳು ಹಿಡಿಯುತ್ತದೆ. ನನಗೇ ತಿಳಿಯುವುದಿಲ್ಲ.

ಮೊದಲ ಇಪ್ಪತ್ತೈದು ಪ್ರಶ್ನೆ ಸಲೀಸಾಗಿ ಹೋದವು. ಅಷ್ಟು ಚೆನ್ನಾಗಿ ಹೋಗುತ್ತಿದೆ ಎಂದು ನನಗೇ ಭಯವಾಯಿತು. ಆಮೇಲೆ ಲೆಕ್ಕದ ಪ್ರಶ್ನೆಗಳು ಬಂದವು. ಇಷ್ಟು ತರದ ಫೋನು, ಇಷ್ಟು ತರದ ನೆಟ್‌ವರ್ಕ್, ಆ್ಯಪಿನ ಇಷ್ಟು ಆವೃತ್ತಿ. ಎಲ್ಲ ಜೋಡಿಯೂ ಒಮ್ಮೆಯಾದರೂ ಬರುವಂತೆ ಕಡಿಮೆಯೆಂದರೆ ಎಷ್ಟು ಸಲ ಪರೀಕ್ಷಿಸಬೇಕು? ಮೂರು ಹಿಡಿದೆ, ನಾಲ್ಕು ಹಿಡಿದೆ, ಗೆಣ್ಣು ಒತ್ತಿದೆ. ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು: ನಿಮ್ಮ ಕೈ ತೋರಿಸಿ. ಬೆಚ್ಚಿ ಎರಡೂ ಕೈ ಎತ್ತಿ ತೋರಿಸಿದೆ. ಮುಂದುವರಿಸಿ ಎಂದು ಬಂತು. ಮೂವತ್ತೆರಡರಲ್ಲಿ ಮತ್ತೆ ಬಂತು, ಕೆಂಪು ಅಕ್ಷರದಲ್ಲಿ. ಮೇಜಿನ ಮೇಲೆ ಕೈ ಊರಿದೆ, ಹಲ್ಲು ಕಚ್ಚಿ ಊರಿದೆ. ಬೆವರು ಕಣ್ಣಿಗೆ ಇಳಿಯಿತು. ವಲ್ಲಿಯಿಂದ ಒರೆಸಿಕೊಂಡು ಅದನ್ನು ಮಡಿಲಿಗೆ ಬಿಟ್ಟೆ. ಕೈಗಳೂ ಅದರ ಹಿಂದೆಯೇ ಹೋದವು ಎಂದು ನನಗೆ ಗೊತ್ತಾದದ್ದು, ಮೂವತ್ತೇಳನೆಯ ಪ್ರಶ್ನೆ ಮಧ್ಯದಲ್ಲಿ ಮಾಯವಾಗಿ ಪರದೆ ಬೂದಿಬಣ್ಣಕ್ಕೆ ತಿರುಗಿದಾಗ.

ಪರೀಕ್ಷೆ ನಿಲ್ಲಿಸಲಾಗಿದೆ. ಕೈಗಳು ಕಾಣುತ್ತಿರಲಿಲ್ಲ. ವಿಚಾರಣೆ ನಡೆಯಲಿದೆ. ಹತ್ತು ದಿನದೊಳಗೆ ವಿವರಣೆ ಕಳಿಸಬಹುದು.

ಗೆಳೆಯ ಬಾಗಿಲು ತೆರೆದು ಇಣುಕಿದ. "ಮುಗೀತೇನ್ರಿ ಭಾಯ್? ಇಷ್ಟ್ ಲಗೂನ?"

ನನ್ನ ಮುಖ ನೋಡಿ ಪಂಖಾ ಹಚ್ಚಿದ. ನೀರು ತಂದಿಟ್ಟ.

ರಾಮದುರ್ಗದಿಂದ ಬೈಲಹೊಂಗಲಕ್ಕೆ ಬರುವ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಿಟ್ಟು ವಿವರಣೆ ಕಟ್ಟುತ್ತಿದ್ದೆ. ಚೌಕಾಶಿ ಮಾಡುವವನಿಗೆ ನೆಲ ಕುಸಿದರೂ ಬುದ್ಧಿ ಮಾತ್ರ ಅದೇ ಕೆಲಸ ಮಾಡುತ್ತದೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿ ನನ್ನ ಯುಕ್ತಿಯನ್ನೂ ಹೇಳಿದೆ.

"ಕೈಗೆ ಕಜ್ಜಿ ಆಗೇತಿ, ತುರಿಸಿಕೊಳ್ಳಾಕತ್ತಿದ್ದೆ ಅಂತ ಬರೀತೇನಿ. ಡಾಕ್ಟರ್ ಚೀಟಿ ಒಂದು ಮಾಡಿಸ್ತೇನಿ."

"ಆಗಿಲ್ಲಲ್ಲ."

"ಆಗಿಲ್ಲಂತ ಅವ್ರಿಗೇನು ಗೊತ್ತು? ಖರೇ ಬರದ್ರ ಹೆಂಗ ಇರತೈತಿ ಕೇಳು: ಸ್ವಾಮಿ, ಬಟ್ಟಿ ಕೆಳಗ ಬೆರಳಿನ್ಯಾಗ ಗುಟ್ಟಿನ ಲೆಕ್ಕ ಹೇಳೂ ವಿದ್ಯಾ ನನಗ ಬರತೈತಿ, ಅದನ್ನ ಮಾಡಾಕತ್ತಿದ್ದೆ. ಕಳ್ಳ ತಾನಾಗೇ ಬಂದು ಒಪ್ಪಿಕೊಂಡಾಂಗ ಆಗ್ತೈತಿ."

ಅವಳಿಗೂ ಅದು ಹಾಗೆಯೇ ಕಂಡಿತು ಎಂದು ಮುಖದಲ್ಲಿ ಗೊತ್ತಾಯಿತು.

"ಖರೇ ಹೇಳಿದ್ರ ಕಳ್ಳತನ ಅನಸ್ತೈತಿ, ಸುಳ್ಳು ಹೇಳಿದ್ರ ಬ್ಯಾನಿ ಅನಸ್ತೈತಿ" ಅಂದಳು. "ಆದ್ರ ವಿಡಿಯೋ ಐತಲ್ರಿ ಅವ್ರ ಕಡೆ. ಎರಡು ಸಲ ಕೈ ತೋರ್ಸೀರಿ. ಕಜ್ಜಿ ಎಲ್ಲೈತಿ ಅಂತ ಕೇಳಿದ್ರ?"

ಹದಿನಾಲ್ಕು ವರ್ಷ ಬಜಾರಿನಲ್ಲಿ ಕೂತವನಿಗೆ ಅದು ಹೊಳೆದಿರಲಿಲ್ಲ. ನನ್ನ ಅಂಗೈ ಅವರ ಹತ್ತಿರ ದಾಖಲೆಯಾಗಿ ಕೂತಿತ್ತು, ಗಾಯವಿಲ್ಲ, ಕಲೆಯಿಲ್ಲ. ಹೀಗಾಗಿ ಸತ್ಯವನ್ನು ಆರಿಸಿಕೊಂಡೆ. ಧರ್ಮಾತ್ಮನೆಂದು ಅಲ್ಲ, ಬೇರೆ ದಾರಿ ಇರಲಿಲ್ಲ ಎಂದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬರೀ ಬರೆದರೆ ನಂಬುವುದಿಲ್ಲ, ತೋರಿಸಬೇಕು ಎಂದು ಸವದತ್ತಿ ದಾಟಿ ಹೂಲಿಗೆ ಹೋದೆ. ಅಪ್ಪನ ಜೋಡಿ ದಲಾಲಿ ಮಾಡಿದ ಒಬ್ಬ ಮುದುಕ ಅಲ್ಲಿದ್ದಾನೆ. ಹಳೆಯ ಗುಡಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ. ಎಲ್ಲ ವಿವರಿಸಿ, "ಕಾಕಾ, ವಲ್ಲಿ ಹೊಚ್ಚಲಾರದ ಬೆರಳ ಲೆಕ್ಕ ತೋರಸ್ರಿ. ಫೋನಿನ್ಯಾಗ ಹಿಡಕೋತೇನಿ" ಅಂದೆ.

"ಯಾರಿಗೆ ತೋರಸಾಕ?"

"ಪರೀಕ್ಷಾದವ್ರಿಗೆ."

"ಅವ್ರೇನು ಎತ್ತು ಕೊಳ್ಳಾವ್ರೇನು?"

"ಇಲ್ರಿ."

"ಮಾರಾವ್ರು?"

"ಇಲ್ಲ ಕಾಕಾ. ನಾ ಕಳ್ಳ ಅಲ್ಲಂತ ತೋರಸಬೇಕು ಅವ್ರಿಗೆ."

"ನಿಮ್ಮಪ್ಪಗ ಯಾರೂ ಕಳ್ಳ ಅಂದಿರಲಿಲ್ಲ. ಕೈ ಮುಚ್ಚಿರತೈತಿ ಅಂತನ ನಂಬತಿದ್ರು ಅವನ್ನ." ಮುದುಕ ಎಲೆ ಅಡಿಕೆ ಉಗುಳಿ ಬಂದು ಮತ್ತೆ ಕೂತ. "ತಗೀತಿದ್ರ ನೀನ ತಗಿ. ನನ್ನ ಕೈ ಬಯಲಿಗೆ ಬರಾಂಗಿಲ್ಲ. ನಾ ಆಕಡೆ ಮಾರಿ ಮಾಡಿ ಕುಂದರತೇನಿ."

ನಿಜವಾಗಿಯೂ ಬೆನ್ನು ತಿರುಗಿಸಿ ಕೂತ. ನಾನು ಫೋನನ್ನು ಗುಡಿಯ ಕಂಬಕ್ಕೆ ಆನಿಸಿಟ್ಟು, ಹಗಲು ಬೆಳಕಿನಲ್ಲಿ ನನ್ನ ಎರಡು ಕೈ ಎದುರಿಗೆ ಹಿಡಿದು, ಒಂದರಿಂದ ಬಾಯಿಬಿಟ್ಟು ಎಣಿಸಲು ತೊಡಗಿದೆ. ಬೆತ್ತಲೆ ನಿಂತ ಹಾಗೆ ನಾಚಿಕೆಯಾಯಿತು. ಐದರ ಮುಂದೆ ಬೆರಳು ತೊಡರಿತು. ಎರಡು ಸಲ ತಪ್ಪಿದೆ. ಮೂರನೆಯ ಸಲವೂ ನನ್ನ ಎಣಿಕೆ ಐದಕ್ಕೇ ನಿಂತದ್ದು ಕೇಳಿ ಮುದುಕ ಬೆನ್ನು ಮಾಡಿಕೊಂಡೇ ಅಂದ: "ಆರು ಹಿಡಿಯೂಮುಂದ ಹೆಬ್ಬಟ್ಟು ಬಿಡಬೇಕಲೇ. ಮರತಿ ಏನು?"

ಆ ವಿಡಿಯೋ ಕಳಿಸಿದೆ. ಜೊತೆಗೆ ಒಂದು ಪುಟ ಬರೆದೆ, ಹೆಂಡತಿ ಇಂಗ್ಲಿಷ್ ಮಾಡಿದಳು. ದೋಷದ ರಿಪೋರ್ಟ್ ಬರೆಯುವ ಕ್ರಮದಲ್ಲೇ ಬರೆದೆವು: ಏನು ನಡೆಯಬೇಕಿತ್ತು, ಏನು ನಡೆಯಿತು, ಯಾವ ಹೆಜ್ಜೆಯಲ್ಲಿ ತಪ್ಪಿತು, ಮತ್ತೆ ಮಾಡಿದರೆ ಮತ್ತೆ ಹಾಗೆಯೇ ಆಗುತ್ತದೆಯೇ. ಕೊನೆಯ ಸಾಲಿಗೆ ಅವಳು ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಹೌದು, ಪ್ರತಿ ಸಲವೂ ಆಗುತ್ತದೆ ಎಂದು ಬರಿ ಅಂದೆ. ಅದೇ ಖರೇ ಇತ್ತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಬೆಳಿಗ್ಗೆ ಎದ್ದು ಮೇಲ್ ನೋಡುವುದು, ಸ್ನಾನ ಮಾಡಿ ನೋಡುವುದು, ಉಂಡು ನೋಡುವುದು. ಸಹಾಯವಾಣಿಗೆ ಫೋನು ಹಚ್ಚಿ, ಬರೆದ ಮೂವತ್ತಾರು ಉತ್ತರಗಳನ್ನಷ್ಟೇ ತಿದ್ದಿ, ಉಳಿದ ನಾಲ್ಕಕ್ಕೆ ಸೊನ್ನೆ ಹಾಕಿ ಎಂದು ಚೌಕಾಶಿ ಮಾಡಿದೆ. ಅದು ನ್ಯಾಯವಾದ ಮಾತು ಎಂದು ಈಗಲೂ ನನ್ನ ಲೆಕ್ಕ. ಫೋನೆತ್ತಿದವರು ನಿಮ್ಮ ಮಾತು ದಾಖಲಿಸಿದ್ದೇವೆ ಅಂದರು. ಮಾರನೆಯ ದಿನವೂ ಅಂದರು. ನಾಲ್ಕನೆಯ ದಿನ ದನಿ ಗುರುತು ಸಿಕ್ಕಿ, ಸರ್, ಪ್ಲೀಸ್, ಅಂದರು. ಹೆಂಡತಿ ಫೋನು ಕಸಿದು ತನ್ನ ಹೊಲಿಗೆ ಡಬ್ಬಿಯೊಳಗೆ ಇಟ್ಟಳು. ಒಂದು ತಾಸಿನ ಮೇಲೆ ಅವಳೇ ತೆಗೆದು ಮೇಲ್ ನೋಡುತ್ತಿದ್ದದ್ದು ಕಂಡೆ.

ಉತ್ತರ ಬಂದದ್ದು ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ. ಹೊರಗಿನಿಂದ ಯಾರೂ ನಿಮಗೆ ನೆರವಾಗಿಲ್ಲ ಎಂದು ನಾವು ಒಪ್ಪುತ್ತೇವೆ ಎಂದು ಮೊದಲ ಸಾಲು. ಅದನ್ನು ಓದಿ ಹೆಂಡತಿ ನನ್ನ ತೋಳು ಹಿಡಿದಳು. ಎರಡನೆಯ ಸಾಲು: ಆದರೆ ಎರಡು ಎಚ್ಚರಿಕೆಯ ನಂತರವೂ ಕೈ ಮರೆಯಾಗಿದ್ದು ನಿಯಮದ ಉಲ್ಲಂಘನೆ. ಪರೀಕ್ಷೆ ರದ್ದು. ಆರು ತಿಂಗಳ ನಂತರ ಮತ್ತೆ ಬರೆಯಬಹುದು.

"ನಂಬ್ಯಾರಲ್ರಿ" ಅಂದಳು.

"ನಂಬಿ ಹೊರಗ ಹಾಕ್ಯಾರ" ಅಂದೆ.

ಮೇಡಂಗೆ ಫೋನು ಮಾಡಿದೆ. ಇದು ನನ್ನ ಜೀವನದ ಕೊನೆಯ ಚೌಕಾಶಿ ಎಂಬಂತೆ ಮಾಡಿದೆ. ಹತ್ತೊಂಬತ್ತು ಫೋನು ನನ್ನವು, ನಾಲ್ಕು ಊರಿನ ಸಿಗ್ನಲ್ಲಿನ ಗುಣ ನನಗೆ ಗೊತ್ತು, ಯುಗಾದಿಯ ನಂತರ ಮತ್ತೆ ಬರೆಯುತ್ತೇನೆ, ಅಲ್ಲಿಯವರೆಗೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟು ಬಿಡಿ ಅಂದೆ. ಬೇರೆಯವರಿಗೆ ಚೌಕಾಶಿ ಕಲಿಸುವಾಗ ನಾನು ಹೇಳುವ ಮೊದಲ ಪಾಠ, ನಿಮಗೆ ಆ ವಸ್ತು ಎಷ್ಟು ಬೇಕಾಗಿದೆ ಎಂದು ಎದುರಿನವರಿಗೆ ತಿಳಿಯಬಾರದು. ಅಂದು ನನ್ನ ದನಿಯೇ ನನ್ನನ್ನು ಬಿಟ್ಟುಕೊಟ್ಟಿತು.

"ಅಣ್ಣಾರ, ಚುಕ್ಕಿ ಇಡಾಕ ಬರಾಂಗಿಲ್ರಿ" ಅಂದರು ಮೇಡಂ. ಮತ್ತೆ ಅವರೇ, "ಒಂದು ದಾರಿ ಐತಿ. ಹುಬ್ಬಳ್ಳ್ಯಾಗ ಒಬ್ಬಾಕಿ ಹುಡುಗಿ ಅದಾಳ, ಹೋದ ವರ್ಷ ಡಿಗ್ರಿ ಮುಗಿಸ್ಯಾಳ, ಸರ್ಟಿಫಿಕೇಟ್ ಐತಿ. ರಿಪೋರ್ಟ್ ಆಕಿ ಬರೀತಾಳ. ನೀವು ಫೋನ್ ತಗೊಂಡು ಹೋಗಿ ಆಕಿ ಹೇಳಿದ್ದನ್ನ ಒತ್ತಿ ತೋರ್ಸ್ರಿ. ವಿಡಿಯೋ ಕಾಲ್ ಮ್ಯಾಲೆ ನೋಡ್ತಾಳ."

"ನಾ ಏನಾದೆ ಹಂಗಾರ?"

"ಫೀಲ್ಡ್ ಸಹಾಯಕ ಅಂತ ಹಾಕ್ತೇವ್ರಿ."

"ಸಹಾಯಕಗ ಎಷ್ಟು?"

ಅರ್ಧ ಅಂದರು. ನಾನು ಮುಕ್ಕಾಲಿಗೆ ಜಗ್ಗಲಿಲ್ಲ. ಬಸ್ಸಿನ ಖರ್ಚು ಬೇರೆ ಕೊಡಿ ಎಂದಷ್ಟೇ ಕೇಳಿದೆ. ಹೂಂ ಅಂದರು.

ಪಾಡ್ಯ ಮುಗಿದ ಮರುವಾರ ಮೊದಲ ಕೆಲಸ ಬಂತು. ರಾಮದುರ್ಗದ ಸೇತುವೆಯ ಮೇಲೆ ನಿಂತು ಟ್ರ್ಯಾಕ್ಟರ್ ಕರೆಯುವ ಪರೀಕ್ಷೆ. ಒಂದು ಫೋನಿನಲ್ಲಿ ಹುಬ್ಬಳ್ಳಿಯ ಹುಡುಗಿ, ಇನ್ನೊಂದರಲ್ಲಿ ಆ್ಯಪ್. ಕೆಳಗೆ ಮಲಪ್ರಭೆ ಸಪ್ಪಳವಿಲ್ಲದೆ ಹರಿಯುತ್ತಿತ್ತು. ಹಿಂದೆ ಕಬ್ಬಿನ ಲಾರಿಗಳು ಬಂದಾಗೊಮ್ಮೆ ಸೇತುವೆ ನಡುಗುತ್ತಿತ್ತು. ಹುಡುಗಿ ಒಳ್ಳೆಯವಳೇ. ಸರ್ ಅನ್ನುತ್ತಿದ್ದಳು.

"ಸರ್, ಈಗ ಕನ್ಫರ್ಮ್ ಒತ್ರಿ."

ಒತ್ತಿದೆ. ಸಿಗ್ನಲ್ ಕಡಿಯಿತು. ಚಕ್ರ ತಿರುಗಿತು. ಆಚೆ ದಂಡೆಯ ಟವರ್ ಹಿಡಿಯಿತು. ಬುಕಿಂಗ್ ಆಯಿತು ಎಂದು ಹಸಿರು ಗುರುತು ಬಂತು.

"ಪಾಸ್" ಅಂದಳು. "ಮುಂದಿಂದಕ್ಕ ಹೋಗೂಣ್ರಿ ಸರ್."

ಪಾಸಾಗಿರಲಿಲ್ಲ. ಹಸಿರು ಗುರುತು ಬರುವ ಮೊದಲು ಪರದೆ ಒಂದು ಸಲ ಸಣ್ಣಗೆ ಮಿಟುಕಿತ್ತು. ಅಂಥ ಮಿಟುಕನ್ನು ನಾನು ಬಲ್ಲೆ. ಹಿಂದಿನ ಪುಟಕ್ಕೆ ಹೋಗಿ ನೋಡಿದೆ: ಬುಕಿಂಗ್ ಎರಡು ಬಿದ್ದಿದ್ದವು. ಎರಡು ಟವರ್ ನಡುವೆ ಆ್ಯಪ್ ಒಂದೇ ಕರೆಯನ್ನು ಎರಡು ಸಲ ಕಳಿಸಿತ್ತು. ನಾಳೆ ಯಾವನೋ ರೈತನ ಹೊಲದ ಬಾಯಿಗೆ ಎರಡು ಟ್ರ್ಯಾಕ್ಟರ್ ಬಂದು ನಿಲ್ಲುತ್ತವೆ, ಇಬ್ಬರು ಡ್ರೈವರುಗಳು ಜಗಳ ತೆಗೆಯುತ್ತಾರೆ, ಇಬ್ಬರೂ ಅವನ ಕೊರಳಿಗೆ ಬೀಳುತ್ತಾರೆ.

ಹುಡುಗಿಗೆ ಆ ಪುಟ ಕಾಣುತ್ತಿರಲಿಲ್ಲ. ನಾನು ಆ್ಯಪಿನ ಫೋನು ಸ್ವಲ್ಪ ಓರೆಯಾಗಿ ಹಿಡಿದಿದ್ದೆ.

"ತಂಗಿ, ಒಂದು ದೋಷ ಸಿಕ್ಕೈತಿ, ದೊಡ್ಡದು" ಅಂದೆ. "ರಿಪೋರ್ಟಿನ್ಯಾಗ ಇದನ್ನ ಹುಡುಕಿದವ್ರು ಇಂಥವ್ರು ಅಂತ ನನ್ನ ಹೆಸರು ಹಾಕತೀಯೇನು?"

ಅವಳು ಏನೋ ತೆರೆದು ನೋಡಿದಳು. ಕೀಲಿಗಳ ಸದ್ದು ಕೇಳಿಸಿತು. ನನಗೆ ಒಳ್ಳೆಯದಾಗಲಿ ಎಂದೇ ಹುಡುಕಿದಳು, ಅದು ಗೊತ್ತಾಗುತ್ತಿತ್ತು.

"ಸರ್, ಟೆಸ್ಟರ್ ಹೆಸರಿನ ಜಾಗಾದಾಗ ಸರ್ಟಿಫಿಕೇಟ್ ನಂಬರ್ ಕೇಳಾಕತ್ತೈತ್ರಿ. ಬ್ಯಾರೆ ಖಾನೆ ಇಲ್ರಿ."

ಇನ್ನೊಂದು ಕಬ್ಬಿನ ಲಾರಿ ಹೋಯಿತು. ಅದು ದಾಟುವವರೆಗೆ ಕಾದೆ. ಹೇಳದೆ ಇಟ್ಟುಕೊಂಡರೆ ಇದು ನನ್ನದೇ ಆಗಿ ಉಳಿಯುತ್ತದೆ, ಯುಗಾದಿಯವರೆಗೆ ಉಳಿಯುತ್ತದೆ. ಯಾರಿಗೂ ಬೇಕಾಗದ ಹಾಗೆ ಉಳಿಯುತ್ತದೆ.

ಆ ಪುಟ ಅವಳಿಗೆ ಕಾಣುವ ಹಾಗೆ ಫೋನನ್ನು ನೆಟ್ಟಗೆ ಹಿಡಿದೆ.

"ಬರಕೋ ತಂಗಿ" ಅಂದೆ. "ಒಂದನೇ ಹೆಜ್ಜಿ: ಸೇತುವಿ ನಡುವ ನಿಂದರಬೇಕು. ಹಳೇ ಫೋನ್, ಎರಡು ಸಿಮ್ ಇರೂದು. ಎರಡನೇ ಹೆಜ್ಜಿ: ಸಿಗ್ನಲ್ ಒಂದ ಕಡ್ಡಿಗೆ ಇಳಿಯೂತನಕಾ ತಡೀಬೇಕು, ಗಡಬಡಿ ಮಾಡಬಾರದು."

"ಸರ್, ಸ್ವಲ್ಪ ನಿಧಾನ ಹೇಳ್ರಿ" ಅಂದಳು ಹುಡುಗಿ. ನಿಧಾನವಾಗಿ ಹೇಳಿದೆ.